ಹತ್ತು ವರ್ಷದ ಮೋಟಾರು, ಎರಡು ವರ್ಷದ ಬೋರ್ಡು: ಗೃಹೋಪಯೋಗಿ ಯಂತ್ರಗಳ ವಾರಂಟಿ ಪದ್ಧತಿಯ ವಿಮರ್ಶೆ

ಫ್ರಿಜ್ಜು, ವಾಷಿಂಗ್ ಮಷೀನು, ಟಿವಿ, ಏಸಿಗಳ ಜೊತೆಗೆ ಕೊಂಡವರ ಕೈಸೇರುವ ವಾರಂಟಿ ಪತ್ರದಷ್ಟು ಮನೆಗಳನ್ನು ತಲುಪಿ, ಅದರಷ್ಟು ಕಡಿಮೆ ಓದಿಸಿಕೊಳ್ಳುವ ಕಾನೂನು ಬರಹ ಮತ್ತೊಂದು ಇರಲಾರದು. ಅದು ಸಣ್ಣ ಅಕ್ಷರಗಳಲ್ಲಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಕೆಲವೊಮ್ಮೆ ಹಿಂದಿಯಲ್ಲೂ ಅಚ್ಚಾಗಿರುತ್ತದೆ. ಕರ್ನಾಟಕದಲ್ಲಿ ಮಾರುವ ಯಂತ್ರದ ಜೊತೆ ಕನ್ನಡದ ವಾರಂಟಿ ಪತ್ರ ಸಿಗುವುದು ವಿರಳ. ಈ ಪತ್ರವನ್ನೂ ಅದರ ಬೆನ್ನಿಗಿರುವ ಸರ್ವೀಸ್ ವ್ಯವಸ್ಥೆಯನ್ನೂ ಒಟ್ಟಿಗೆ ಇಟ್ಟು ಪರಿಶೀಲಿಸಿದರೆ ಕಾಣುವ ದೊಡ್ಡ ಕೊರತೆ, ಜನ ಸಾಮಾನ್ಯವಾಗಿ ದೂರುವಂತೆ, ಅವಧಿ ಚಿಕ್ಕದೆಂಬುದಲ್ಲ. ಯಂತ್ರ ಏಕೆ ಕೆಟ್ಟಿತೆಂದು ತೀರ್ಮಾನಿಸುವ ಅಧಿಕಾರವೂ ಅದನ್ನು ಎಷ್ಟು ದಿನಗಳಲ್ಲಿ ಸರಿಮಾಡಬೇಕೆಂದು ನಿರ್ಧರಿಸುವ ಅಧಿಕಾರವೂ ಅದನ್ನು ತಯಾರಿಸಿದವರ ಕೈಯಲ್ಲೇ ಉಳಿದಿರುವುದು ಆ ಕೊರತೆ.

1930ರ ಸರಕು ಮಾರಾಟ ಕಾಯ್ದೆಯ 12ನೇ ಕಲಂ ಮಾರಾಟದ ಒಪ್ಪಂದದಲ್ಲಿರುವ ಮಾತುಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಒಪ್ಪಂದದ ಮುಖ್ಯ ಉದ್ದೇಶಕ್ಕೆ ಆಧಾರವಾದದ್ದು ಷರತ್ತು. ಅದು ಮುರಿದರೆ ಕೊಂಡವರು ಸರಕನ್ನೇ ತಿರಸ್ಕರಿಸಬಹುದು. ಆ ಉದ್ದೇಶಕ್ಕೆ ಆನುಷಂಗಿಕವಾಗಿ ಸೇರಿಕೊಂಡದ್ದು ವಾರಂಟಿ. ಅದು ಮುರಿದರೆ ನಷ್ಟ ಪರಿಹಾರ ಕೇಳಬಹುದೇ ಹೊರತು ಸರಕನ್ನು ತಿರಸ್ಕರಿಸುವ ಹಕ್ಕು ಹುಟ್ಟುವುದಿಲ್ಲ. ಸರಕು ಮಾರಾಟಕ್ಕೆ ತಕ್ಕ ಗುಣಮಟ್ಟದ್ದಾಗಿರಬೇಕೆಂಬ, ಬರೆಯದಿದ್ದರೂ ಇದೆಯೆಂದು ಭಾವಿಸಬೇಕಾದ ಷರತ್ತನ್ನು ಅದೇ ಕಾಯ್ದೆಯ 16ನೇ ಕಲಂ ಕೊಡುತ್ತದೆಯಾದರೂ, ವಾರಂಟಿ ಪತ್ರಗಳು ತಮ್ಮಲ್ಲಿ ಬರೆದಿರುವುದನ್ನು ಬಿಟ್ಟು ಬೇರೆ ಯಾವ ಹೊಣೆಯೂ ಇಲ್ಲವೆಂದು ಸಾರುತ್ತ, ದುರಸ್ತಿಯೋ ಬದಲಿ ಯಂತ್ರವೋ ಎಂಬುದು ಕಂಪನಿಯ ವಿವೇಚನೆಗೆ ಬಿಟ್ಟದ್ದೆಂದು ಸೇರಿಸುತ್ತವೆ. ಹೀಗಾಗಿ ಕೊಳ್ಳುವವರ ಮನಸ್ಸಿನಲ್ಲಿ ಯಂತ್ರ ನಡೆಯುತ್ತದೆಂಬ ಆಶ್ವಾಸನೆಯಾಗಿರುವ ಈ ಪತ್ರ, ವಾಸ್ತವದಲ್ಲಿ, ಕೆಟ್ಟರೆ ಬಂದು ನೋಡಲಾಗುವುದೆಂಬ ಆಶ್ವಾಸನೆ ಮಾತ್ರ. ಇವೆರಡರ ನಡುವಿನ ದೂರ ಮೊದಲ ಸಲ ಕಂಪ್ಲೇಂಟ್ ನಂಬರ್ ಪಡೆದ ದಿನ ತಿಳಿಯುತ್ತದೆ.

ಅರ್ಥಶಾಸ್ತ್ರದಲ್ಲಿ ವಾರಂಟಿಗೆ ಗೌರವದ ಸ್ಥಾನವೇ ಇದೆ. ಸರಕಿನ ಗುಣ ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದಿರುವಾಗ ಮಾರುಕಟ್ಟೆ ಹೇಗೆ ಕೆಡುತ್ತದೆಂದು 1970ರ ತಮ್ಮ ಪ್ರಸಿದ್ಧ ಲೇಖನದಲ್ಲಿ ತೋರಿಸಿದ ಜಾರ್ಜ್ ಅಕರ್ಲಾಫ್, ಆ ಕೇಡನ್ನು ತಡೆಯುವ ವ್ಯವಸ್ಥೆಗಳಲ್ಲಿ ತಯಾರಕರ ಖಾತರಿಯನ್ನೂ ಎಣಿಸಿದ್ದರು. ಬೇಗ ಕೆಡುವ ಯಂತ್ರಕ್ಕೆ ದೀರ್ಘ ವಾರಂಟಿ ಕೊಟ್ಟರೆ ತಯಾರಕರಿಗೇ ನಷ್ಟವಾಗುವುದರಿಂದ ವಾರಂಟಿಯ ಉದ್ದವನ್ನು ಗುಣದ ಗುರುತೆಂದು ಓದಬಹುದೆಂಬುದು ಈ ವಿಚಾರದಿಂದ ಬೆಳೆದ ತರ್ಕ. ಯಂತ್ರವನ್ನು ಇಡಿಯಾಗಿ ಪರಿಗಣಿಸಿ ವಾರಂಟಿ ಕೊಟ್ಟಾಗ ಮಾತ್ರ ಈ ತರ್ಕ ನಿಲ್ಲುತ್ತದೆ. ಭಾರತದ ಅಂಗಡಿಗಳಲ್ಲಿ ನಡೆಯುತ್ತಿರುವುದು ಹಾಗಲ್ಲ. ಫ್ರಿಜ್ಜಿನ ಮೇಲೆ ಎದ್ದುಕಾಣುವಂತೆ ಅಂಟಿಸಿದ 10 ವರ್ಷದ ಭರವಸೆ ಕಂಪ್ರೆಸರ್ ಒಂದಕ್ಕೆ ಮಾತ್ರ ಸೇರಿದ್ದು, ಉಳಿದ ಇಡೀ ಯಂತ್ರಕ್ಕಿರುವುದು ಸಾಮಾನ್ಯವಾಗಿ 1 ವರ್ಷ. ವಾಷಿಂಗ್ ಮಷೀನಿನಲ್ಲಿ ಮೋಟಾರಿಗೆ 10 ವರ್ಷವಾದರೆ ಅದನ್ನು ನಡೆಸುವ ಬೋರ್ಡಿಗೆ ಹೆಚ್ಚಾಗಿ 2 ವರ್ಷ. ಬ್ರಷ್ ಇಲ್ಲದ ಇಂದಿನ ಇನ್ವರ್ಟರ್ ಮೋಟಾರಿನಲ್ಲಿ ಉಜ್ಜಿ ಸವೆಯುವ ಭಾಗಗಳು ಬಹಳ ಕಡಿಮೆ. ಕೆಟ್ಟುನಿಲ್ಲುವುದು ಬಹುಪಾಲು ಬೋರ್ಡೇ, ಅಂದರೆ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಬೆಸೆದ ಹಲಗೆಯೇ. ಕೆಡುವ ಸಾಧ್ಯತೆ ಕಡಿಮೆಯಿರುವ ಭಾಗಕ್ಕೆ ದೀರ್ಘವಾದ ಭರವಸೆ ಕೊಟ್ಟು ಅದನ್ನೇ ದೊಡ್ಡದಾಗಿ ಅಚ್ಚುಹಾಕಿದಾಗ ಗುಣದ ಗುರುತಾಗಬೇಕಿದ್ದ ವಾರಂಟಿ ಜಾಹೀರಾತಿನ ಸಾಲಾಗಿಬಿಡುತ್ತದೆ. ಏಸಿಗಳ ಬೋರ್ಡಿಗೆ 5 ವರ್ಷ ಕೊಡುವ ರೂಢಿ ಈಚೆಗೆ ಹರಡುತ್ತಿರುವುದು ಮೆಚ್ಚಬೇಕಾದ ಬದಲಾವಣೆ. ಹಾಗೆ ಕೊಡಲು ಸಾಧ್ಯವಿದೆಯೆಂಬುದಕ್ಕೆ ಅದೇ ಪುರಾವೆಯೂ ಹೌದು.

ವಸ್ತುಗಳ ಬಾಳಿಕೆಯನ್ನು ಅಧ್ಯಯನ ಮಾಡುವ ಎಂಜಿನಿಯರುಗಳು ವೈಫಲ್ಯದ ಪ್ರಮಾಣವನ್ನು ಸ್ನಾನದ ತೊಟ್ಟಿಯ ಅಡ್ಡಕೊಯ್ತದ ಆಕಾರದ ಗೆರೆಯಿಂದ ತೋರಿಸುತ್ತಾರೆ: ಆರಂಭದಲ್ಲಿ ತಯಾರಿಕೆಯ ದೋಷದಿಂದ ಕೆಡುವವು ಹೆಚ್ಚು, ನಡುವೆ ದೀರ್ಘವಾದ ಶಾಂತ ಅವಧಿ, ಕೊನೆಯಲ್ಲಿ ಸವೆತದಿಂದ ಮತ್ತೆ ಏರಿಕೆ. ಒಂದು ವರ್ಷದ ವಾರಂಟಿ ಆರಂಭದ ದೋಷಗಳನ್ನು ಬಹುಮಟ್ಟಿಗೆ ಒಳಗೊಳ್ಳುತ್ತದೆ. ಆದರೆ ಅಗ್ಗದ ಬಿಡಿಭಾಗ ಬಳಸಿದ್ದರಿಂದಾಗುವ ವೈಫಲ್ಯ ಆ ಅವಧಿಯ ಆಚೆಗೇ ಬೀಳುತ್ತದೆ. ಬೋರ್ಡಿಗೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಯೊಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತದೆ; ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆಂಬುದು ಎಂಜಿನಿಯರುಗಳಿಗೆ ಪರಿಚಿತವಾದ ಲೆಕ್ಕ. ಹೆಚ್ಚು ಉಷ್ಣತೆ ತಾಳುವ ಕೆಪಾಸಿಟರ್ ಹಾಕಲು ತಗಲುವ ಹೆಚ್ಚಿನ ವೆಚ್ಚ ಅಲ್ಪವೇ ಆದರೂ ಲಕ್ಷಾಂತರ ಯಂತ್ರಗಳ ಲೆಕ್ಕದಲ್ಲಿ ಅದು ದೊಡ್ಡ ಮೊತ್ತ. ಎಲ್‌ಇಡಿ ಟಿವಿಗಳದ್ದೂ ಇದೇ ಕಥೆ. ಪರದೆಯ ಹಿಂದೆ ಸಾಲಾಗಿ ಜೋಡಿಸಿದ ದೀಪಗಳನ್ನು ಹೆಚ್ಚು ಬೆಳಕಿಗಾಗಿ ಅವುಗಳ ಮಿತಿಯ ಅಂಚಿನಲ್ಲಿ ಉರಿಸಿದರೆ ಅವು ಬೇಗ ಸೋಲುತ್ತವೆ, ಒಂದು ದೀಪ ಸುಟ್ಟು ಸಂಪರ್ಕ ಕಡಿದರೆ ಇಡೀ ಸಾಲು ಕತ್ತಲಾಗುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ದೀಪದ ಪಟ್ಟಿಯಷ್ಟನ್ನೇ ಬದಲಿಸಿ ಟಿವಿಯನ್ನು ಬೆಳಗಿಸುವ ಕೈಗಳಿವೆ; ಅಧಿಕೃತ ಸರ್ವೀಸ್ ಸೆಂಟರಿನಿಂದ ಬರುವ ಉತ್ತರ ಎಷ್ಟೋ ಸಲ ಪ್ಯಾನೆಲ್ ಹೋಗಿದೆ ಎಂಬುದು, ಪ್ಯಾನೆಲಿನ ಬೆಲೆಯೋ ಹೊಸ ಟಿವಿಯ ಬೆಲೆಗೆ ಸಮೀಪದ್ದು.

ಹೊಣೆಯಿಂದ ಹೊರಗಿಟ್ಟ ಕಾರಣಗಳ ಪಟ್ಟಿಯನ್ನು ಓದುವಾಗಲಂತೂ ಈ ನಾಡಿನ ಹವೆ, ನೀರು, ಕರೆಂಟು ಎಲ್ಲವೂ ಅದರಲ್ಲೇ ಸೇರಿಹೋಗಿರುವಂತೆ ತೋರುತ್ತದೆ. ವೋಲ್ಟೇಜಿನ ಏರಿಳಿತ, ಸಿಡಿಲು, ಗಡಸು ನೀರು, ಇಲಿ, ಹಲ್ಲಿ, ಜಿರಲೆ, ತುಕ್ಕು ಇವೆಲ್ಲ ಕಂಪನಿಯ ಹೊಣೆಯಲ್ಲ. ಬಯಲುಸೀಮೆಯ ಕೊಳವೆಬಾವಿಯ ನೀರು ಗಡಸೆಂಬುದಾಗಲಿ, ಮಂಗಳೂರು–ಕಾರವಾರಗಳ ಉಪ್ಪುಗಾಳಿಗೆ ಲೋಹ ತುಕ್ಕು ಹಿಡಿಯುತ್ತದೆಂಬುದಾಗಲಿ, ಬೆಚ್ಚಗಿನ ಬೋರ್ಡಿನ ಮೇಲೆ ಹಲ್ಲಿ ಸೇರಿ ಎರಡು ತಂತಿಗಳನ್ನು ಮುಟ್ಟಿಸುತ್ತದೆಂಬುದಾಗಲಿ ತಯಾರಕರಿಗೆ ಹೊಸ ಸಂಗತಿಗಳಲ್ಲ. ಮೂರು ಫೇಸಿನ ಸಾಲಿನಲ್ಲಿ ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟ್ ಬರಬೇಕಾದ ಮನೆಗೆ ಹೆಚ್ಚುಕಡಿಮೆ 400 ವೋಲ್ಟ್ ನುಗ್ಗಬಹುದು. ಅಂಥ ದುರಂತದ ಹೊಣೆಯನ್ನು ತಯಾರಕರ ಮೇಲೆ ಹೊರಿಸುವುದು ನ್ಯಾಯವಲ್ಲವೆಂದು ಒಪ್ಪಬೇಕು, ಆ ಪ್ರಶ್ನೆಯನ್ನು ವಿದ್ಯುತ್ ಸರಬರಾಜು ಕಂಪನಿಗೇ ಕೇಳಬೇಕು. ಆದರೆ ದಿನನಿತ್ಯದ ಏರಿಳಿತ, ತೇವ, ಹುಳುಹುಪ್ಪಟೆಗಳು ಅಪಘಾತಗಳಲ್ಲ, ಯಂತ್ರ ಬದುಕಬೇಕಾದ ಪರಿಸರವೇ ಅವು. ಬೋರ್ಡಿಗೆ ತೇವ ತಾಗದ ಲೇಪ ಬಳಿಯುವುದೂ ಪೆಟ್ಟಿಗೆಯ ಕಿಂಡಿಗಳಿಗೆ ಜಾಲರಿ ಹಾಕುವುದೂ ಗೊತ್ತಿರುವ, ಅಗ್ಗದ ಉಪಾಯಗಳು. ಸ್ಟೆಬಿಲೈಸರ್ ಬೇಕಿಲ್ಲವೆಂದು ಜಾಹೀರಾತಿನಲ್ಲಿ ಹೇಳಿ ಮಾರಿದ ಯಂತ್ರದ ವಾರಂಟಿ ಪತ್ರದಲ್ಲೇ ವೋಲ್ಟೇಜ್ ಏರಿಳಿತದಿಂದಾದ ಹಾನಿಗೆ ಹೊಣೆಯಿಲ್ಲವೆಂದು ಬರೆಯುವುದು ಮಾತ್ರ ಯಾವ ಸಮರ್ಥನೆಗೂ ನಿಲುಕದ ನಡೆ.

ಈ ಪಟ್ಟಿಗೆ ಬಲ ಬರುವುದು ಅದನ್ನು ಅನ್ವಯಿಸುವವರು ಯಾರೆಂಬುದರಿಂದ. ಬಹುತೇಕ ಕಂಪನಿಗಳು ಸರ್ವೀಸ್ ಕೆಲಸವನ್ನು ತಾವೇ ನಡೆಸದೆ ಊರೂರಿನ ಫ್ರಾಂಚೈಸಿಗಳಿಗೆ ವಹಿಸಿವೆ. ವಾರಂಟಿಯೊಳಗಿನ ದುರಸ್ತಿಗೆ ಕಾಲ್ ಒಂದಕ್ಕೆ ಇಷ್ಟೆಂದು ಕಂಪನಿಯಿಂದ ಬರುವ ಹಣ ಕಡಿಮೆ. ವಾರಂಟಿಯಾಚೆಗಿನ ಕೆಲಸದಲ್ಲಿ, ವರ್ಷಕ್ಕಿಷ್ಟು ಕಟ್ಟಿಸಿಕೊಂಡು ಯಂತ್ರ ನೋಡಿಕೊಳ್ಳುವ ಎಎಂಸಿ ಎಂಬ ಒಪ್ಪಂದದಲ್ಲಿ, ಸ್ಟ್ಯಾಂಡು, ಕವರು, ಡಿಸ್ಕೇಲಿಂಗ್ ಪುಡಿಗಳ ಮಾರಾಟದಲ್ಲಿ ಸಿಗುವುದು ಹೆಚ್ಚು. ನಿಗದಿತ ಗಂಟೆಗಳೊಳಗೆ ಕಾಲ್ ಕ್ಲೋಸ್ ಆಗಬೇಕೆಂಬ ಒತ್ತಡ ಮೇಲಿನಿಂದ ಇರುವುದರಿಂದ ಕೆಲಸ ಮುಗಿಯುವ ಮೊದಲೇ ಗ್ರಾಹಕರಿಂದ ಒಟಿಪಿ ಕೇಳುವ ರೂಢಿ ಬೆಳೆದಿದೆ. ಒಟಿಪಿ ಹೇಳಿದೊಡನೆ ಕಂಪನಿಯ ದಾಖಲೆಯಲ್ಲಿ ದೂರು ಬಗೆಹರಿದಂತೆ. ಇಲ್ಲಿ ಟೆಕ್ನೀಷಿಯನ್ನರನ್ನು ದೂಷಿಸುವುದು ಸುಲಭ, ಆದರೆ ತಪ್ಪು. ಬಿಸಿಲಲ್ಲಿ ಬೈಕಿನ ಮೇಲೆ ಮನೆಯಿಂದ ಮನೆಗೆ ಅಲೆದು, ಬಿಡಿಭಾಗವನ್ನೂ ನಿರ್ಧಾರದ ಅಧಿಕಾರವನ್ನೂ ಕೊಡದ ಕಂಪನಿಯ ಪರವಾಗಿ ಜನರ ಸಿಟ್ಟನ್ನು ಎದುರಿಸುವವರು ಅವರು. ದೋಷ ಇರುವುದು ವ್ಯವಸ್ಥೆಯ ರಚನೆಯಲ್ಲಿ: ಯಂತ್ರ ಕೆಟ್ಟದ್ದು ತಯಾರಿಕೆಯ ದೋಷದಿಂದಲೋ ಬಳಸಿದವರ ತಪ್ಪಿನಿಂದಲೋ ಎಂದು ತೀರ್ಪು ಕೊಡುವವರು, ಮೊದಲನೆಯದಾದರೆ ಖರ್ಚು ಹೊರಬೇಕಾದ ಪಕ್ಷದ ಪ್ರತಿನಿಧಿಯೇ ಆಗಿದ್ದಾರೆ.

ಪತ್ರದಲ್ಲಿ ಇಲ್ಲದ ಮಾತು ಇನ್ನೂ ದೊಡ್ಡದು. ದುರಸ್ತಿ ಎಷ್ಟು ದಿನದಲ್ಲಿ ಮುಗಿಯಬೇಕೆಂದು ಈ ಪತ್ರಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಪಾರ್ಟ್ ಬಂದಿಲ್ಲ ಎಂಬ ಉತ್ತರದ ಮೇಲೆ ವಾರಗಳು ಉರುಳುವಾಗ ವಾರಂಟಿಯ ಅವಧಿಯೂ ಉರುಳುತ್ತಿರುತ್ತದೆ, ಏಕೆಂದರೆ ದುರಸ್ತಿಯಿಂದ ಅವಧಿ ವಿಸ್ತರಿಸುವುದಿಲ್ಲವೆಂಬ ಸಾಲು ಮಾತ್ರ ತಪ್ಪದೆ ಇರುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಮನೆಯೊಂದರ ಫ್ರಿಜ್ಜು ಮೂರು ವಾರ ನಿಂತರೆ ಹಾಲು, ಹಿಟ್ಟು, ತರಕಾರಿ ಮಾತ್ರವಲ್ಲ, ತಣ್ಣಗಿರಬೇಕಾದ ಇನ್ಸುಲಿನ್ ಕೂಡ ಕೆಡುತ್ತದೆ. ಇಂಥ ಆನುಷಂಗಿಕ ನಷ್ಟಕ್ಕೆ ಪತ್ರದಲ್ಲಿ ಜಾಗವೇ ಇಲ್ಲ. ಪುರಸಭೆಯ ಎಲ್ಲೆಯ ಹೊರಗಿನ ಮನೆಗೆ ಬಂದುಹೋಗುವ ಖರ್ಚನ್ನು ಗ್ರಾಹಕರೇ ಕೊಡಬೇಕೆಂಬ ಸಾಲೂ ಹಲವು ಪತ್ರಗಳಲ್ಲಿದ್ದು, ಅದೇ ಬೆಲೆ ಕೊಟ್ಟು ಕೊಂಡ ಹಳ್ಳಿಯವರಿಗೆ ಕಡಿಮೆ ವಾರಂಟಿ ಸಿಗುವಂತೆ ಮಾಡುತ್ತದೆ. ಯುರೋಪಿನ ಒಕ್ಕೂಟ 2019ರ ನಿರ್ದೇಶನದಲ್ಲಿ ಬೇರೆ ದಾರಿ ಹಿಡಿದಿದೆ: ಮಾರಿದವರ ಹೊಣೆ ಕನಿಷ್ಠ 2 ವರ್ಷ, ಮೊದಲ ವರ್ಷದಲ್ಲಿ ಕಾಣಿಸಿಕೊಂಡ ದೋಷ ಮಾರಿದ ದಿನವೇ ಇತ್ತೆಂದು ಭಾವಿಸಬೇಕು, ಅಲ್ಲವೆಂದು ಸಾಧಿಸುವ ಭಾರ ಮಾರಿದವರದು, ದುರಸ್ತಿ ಯುಕ್ತವಾದ ಅವಧಿಯೊಳಗೆ, ಖರ್ಚಿಲ್ಲದೆ ಆಗಬೇಕು. 2024ರ ಮತ್ತೊಂದು ನಿರ್ದೇಶನವು ಬದಲಿ ಯಂತ್ರದ ಬದಲು ದುರಸ್ತಿಯನ್ನು ಆರಿಸಿಕೊಂಡವರಿಗೆ ಹೊಣೆಯ ಅವಧಿಯನ್ನು ಒಂದು ವರ್ಷ ಹೆಚ್ಚಿಸುತ್ತದೆ.

ಭಾರತದಲ್ಲಿ ಕಾನೂನು ಇಲ್ಲವೆಂದಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ದೂರು ಕೊಡಲು 2 ವರ್ಷದ ಅವಕಾಶವಿದೆ. ಎದುರುಪಕ್ಷಕ್ಕೆ ನೋಟಿಸ್ ತಲುಪಿದ 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಪ್ರಕರಣ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಕಾಯ್ದೆ ದುರ್ಬಲವಾಗುವುದು ಪುರಾವೆಯ ಹಂತದಲ್ಲಿ. ತಯಾರಿಕೆಯ ದೋಷವನ್ನು ತಜ್ಞರ ವರದಿಯಿಂದ ಸಾಧಿಸಬೇಕೆಂಬ ವಾದವನ್ನು ಕಂಪನಿಗಳು ಆಯೋಗಗಳ ಮುಂದೆ ತಪ್ಪದೆ ಎತ್ತುತ್ತವೆ. ಪರೀಕ್ಷೆಯ ಶುಲ್ಕವನ್ನು ಮೊದಲು ಕಟ್ಟಬೇಕಾದವರೂ ದೂರುದಾರರೇ. ವಾಷಿಂಗ್ ಮಷೀನನ್ನು ಪ್ರಯೋಗಾಲಯಕ್ಕೆ ಹೊರಿಸುವ ಖರ್ಚು ಮತ್ತು ಕಾಲವನ್ನು ಲೆಕ್ಕ ಹಾಕಿ ಹೆಚ್ಚಿನವರು ಹೊಸ ಯಂತ್ರ ಕೊಳ್ಳುವುದು ಸಹಜ. ಯುರೋಪಿನ ಮಾದರಿಯಲ್ಲಿ ಮೊದಲ ವರ್ಷದ ಪುರಾವೆಯ ಭಾರವನ್ನು ತಿರುಗಿಸುವ ಒಂದೇ ಒಂದು ತಿದ್ದುಪಡಿ, ವಾರಂಟಿಯ ವರ್ಷಗಳನ್ನು ಹೆಚ್ಚಿಸುವ ಯಾವ ಪ್ರಕಟಣೆಗಿಂತಲೂ ಹೆಚ್ಚಿನ ಕೆಲಸ ಮಾಡುತ್ತದೆ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಕೆಲವು ಹೆಜ್ಜೆಗಳನ್ನಿಟ್ಟಿದೆ. ದುರಸ್ತಿಯ ಹಕ್ಕಿನ ಕುರಿತು 2022ರ ಜುಲೈಯಲ್ಲಿ ಸಮಿತಿ ರಚಿಸಿ ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣವನ್ನು ತೆರೆಯಿತು. ಕೊಂಡ ದಿನದ ಬದಲು ಯಂತ್ರವನ್ನು ಮನೆಯಲ್ಲಿ ಅಳವಡಿಸಿದ ದಿನದಿಂದ ವಾರಂಟಿ ಲೆಕ್ಕ ಹಾಕುವಂತೆ 2024ರಲ್ಲಿ ಕಂಪನಿಗಳನ್ನು ಕೇಳಿಕೊಂಡಿತು. ಯಂತ್ರವನ್ನು ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಎಷ್ಟು ಬೇಗ ಮತ್ತು ಯಾವ ಬೆಲೆಗೆ ಸಿಗುತ್ತದೆ, ದುರಸ್ತಿಯ ಮಾಹಿತಿ ದೊರೆಯುತ್ತದೆಯೇ ಎಂಬುದನ್ನೆಲ್ಲ ಅಳೆದು ಅಂಕ ಕೊಡುವ ದುರಸ್ತಿ ಸೂಚ್ಯಂಕದ ಬಗೆಗಿನ ವರದಿ 2025ರ ಮೇ ತಿಂಗಳಲ್ಲಿ ಇಲಾಖೆಯ ಕೈಸೇರಿತು. ಫ್ರಾನ್ಸ್ ಇಂಥ ಅಂಕವನ್ನು ಹತ್ತಕ್ಕೆ ಇಷ್ಟೆಂದು ಯಂತ್ರದ ಬೆಲೆಯ ಪಕ್ಕದಲ್ಲೇ ತೋರಿಸುವುದನ್ನು 2021ರ ಜನವರಿ 1ರಿಂದ ಕಡ್ಡಾಯ ಮಾಡಿದಾಗ ಮೊದಲ ಪಟ್ಟಿಯಲ್ಲೇ ಟಿವಿ ಮತ್ತು ವಾಷಿಂಗ್ ಮಷೀನುಗಳಿದ್ದವು. ಭಾರತದ ವರದಿ ಆರಂಭಕ್ಕೆ ಆರಿಸಿಕೊಂಡಿರುವುದು ಸ್ಮಾರ್ಟ್‌ಫೋನು, ಟ್ಯಾಬ್ಲೆಟ್‌ಗಳನ್ನು. ಇಲ್ಲಿ ಫ್ರಿಜ್ಜಿನ ಮೇಲಿನ ನಕ್ಷತ್ರಗಳು ಅದು ತಿನ್ನುವ ಕರೆಂಟನ್ನು ತಿಳಿಸುತ್ತವೆ, ಅದು ಎಷ್ಟು ವರ್ಷ ಬಾಳುತ್ತದೆಂದು ತಿಳಿಸುವ ಗುರುತು ಯಾವುದೂ ಇಲ್ಲ. ಸೂಚ್ಯಂಕವನ್ನು ಮನೆಯ ದೊಡ್ಡ ಯಂತ್ರಗಳಿಗೆ ವಿಸ್ತರಿಸುವಾಗ ಬಿಚ್ಚುವ ಸೌಲಭ್ಯವೊಂದನ್ನೇ ಅಳೆದರೆ ಸಾಲದು. ಇಡೀ ಬೋರ್ಡನ್ನು ಬದಲಿಸದೆ ಅದರ ಮೇಲಿನ ಬಿಡಿಭಾಗವನ್ನು ಬದಲಿಸಲು ಬೇಕಾದ ಸರ್ಕಿಟ್ ನಕ್ಷೆ ಹೊರಗಿನ ಮೆಕ್ಯಾನಿಕ್‌ಗಳಿಗೂ ಸಿಗುತ್ತದೆಯೇ, ಬಿಡಿಭಾಗ ತಾಲ್ಲೂಕು ಕೇಂದ್ರವನ್ನು ಎಷ್ಟು ದಿನದಲ್ಲಿ ತಲುಪುತ್ತದೆ, ಆ ಗಡುವು ಮೀರಿದ ಮೇಲೆ ಕೊಂಡವರಿಗೆ ಬದಲಿ ಯಂತ್ರವೋ ಹಣವೋ ತಾನಾಗಿ ಸಲ್ಲುತ್ತದೆಯೇ ಎಂಬ ಮೂರನ್ನೂ ಅಂಕದಲ್ಲಿ ಸೇರಿಸಿ, ಅವನ್ನು ವಾರಂಟಿ ಪತ್ರದ ಮೊದಲ ಪುಟದಲ್ಲಿ ಕನ್ನಡದಲ್ಲಿ ಅಚ್ಚುಹಾಕುವುದನ್ನು ಕಡ್ಡಾಯ ಮಾಡಬೇಕು.