ಗೋಡೆಯ ಆಚೆ ಕಾಮಗಾರಿ, ಈಚೆ ತಟ್ಟೆ

ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಎಪ್ಕಾಟ್ ಎಂಬ ಪಾರ್ಕಿದೆ. 2019ರ ನಂತರದ ನಾಲ್ಕೈದು ವರ್ಷಗಳಲ್ಲಿ ಅಲ್ಲಿಗೆ ಹೋಗಿಬಂದವರ ಮಾತು ಎರಡು ವಿಷಯಕ್ಕೆ ಬಂದು ನಿಲ್ಲುತ್ತಿತ್ತು: ನಡುವಿನಲ್ಲೆಲ್ಲ ಎದ್ದುನಿಂತ ಕಾಮಗಾರಿಯ ತಡೆಗೋಡೆ, ಮತ್ತು ಅಷ್ಟೊಂದು ದುಡ್ಡು ತೆತ್ತು ತಿಂದ ಊಟ. ಇವನ್ನು ಎರಡು ಬೇರೆ ದೂರುಗಳೆಂದು ನೋಡುವುದು ರೂಢಿ. ನನಗೇಕೋ ಇವೆರಡೂ ಒಂದೇ ಬೇರಿನವು ಅನ್ನಿಸುತ್ತದೆ. ಒಳಗೆ ಬಂದವರು ಇನ್ನೆಲ್ಲಿಗೆ ಹೋದಾರು ಎಂಬ ಧೈರ್ಯವೇ ಆ ಬೇರು.

ಮೊದಲು ಗೋಡೆಯ ಕಥೆ. 1982ರಲ್ಲಿ ತೆರೆದ ಎಪ್ಕಾಟ್‌ನ ಮುಂಭಾಗಕ್ಕೆ ವಯಸ್ಸಾಗಿತ್ತು, ರಿಪೇರಿ ಬೇಕಿತ್ತು, ಅದರಲ್ಲಿ ತಕರಾರಿಲ್ಲ. 2019ರಲ್ಲಿ ಡಿಸ್ನಿ ಭರ್ಜರಿ ಚಿತ್ರಪಟಗಳನ್ನು ತೋರಿಸಿತು. ಮೂರು ಅಂತಸ್ತಿನ ಉತ್ಸವ ಭವನ, ಮೇರಿ ಪಾಪಿನ್ಸ್ ಹೆಸರಿನ ಹೊಸ ಆಕರ್ಷಣೆ, ಆಟಗಳದೇ ಒಂದು ಪೆವಿಲಿಯನ್. ಹಳೆಯ ಕಾರಂಜಿಯನ್ನು ಕಿತ್ತರು, ಕಟ್ಟಡಗಳನ್ನು ಕೆಡವಿದರು. ಅಷ್ಟರಲ್ಲಿ ಕೋವಿಡ್ ಬಂತು, ಕೆಲಸ ನಿಂತಿತು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಗೋಡೆ ಪೂರ್ತಿ ಇಳಿಯುವ ಹೊತ್ತಿಗೆ 2024ರ ಜೂನ್. ಒಳಗಿಂದ ಹೊರಬಂದದ್ದು ಒಂದು ಉದ್ಯಾನ, ಮೊವಾನಾ ಸಿನಿಮಾದ ಹೆಸರಿನಲ್ಲಿ ನೀರಾಟದ ಕಾಲುದಾರಿ, ಒಂದೇ ಅಂತಸ್ತಿನ ಸಾದಾ ಸಭಾಂಗಣ. ಮೂರು ಅಂತಸ್ತಿನ ಭವನವಿಲ್ಲ, ಮೇರಿ ಪಾಪಿನ್ಸ್ ಇಲ್ಲ, ಆಟದ ಪೆವಿಲಿಯನ್ನೂ ಇಲ್ಲ. ಉದ್ಯಾನ ಚೆನ್ನಾಗಿದೆ, ಸಂಜೆಯ ದೀಪಗಳಲ್ಲಂತೂ ಇನ್ನೂ ಚೆನ್ನ. ಹಾಗಿದ್ದೂ ಐದು ವರ್ಷ ಕಾದವರಿಗೆ ಬಡಿಸಿದ್ದು ಅರ್ಧ ಎಲೆ.

ನಿಧಾನದ ಗುಣ ಅಳೆಯಬೇಕೆಂದರೆ ಡಿಸ್ನಿ ವರ್ಲ್ಡ್‌ನದೇ ಇನ್ನೊಂದು ಪಾರ್ಕಾದ ಮ್ಯಾಜಿಕ್ ಕಿಂಗ್‌ಡಮ್‌ನ ಟ್ರಾನ್ ರೈಡ್ ನೋಡಬೇಕು. ಈ ರೋಲರ್ ಕೋಸ್ಟರ್ ಶಾಂಘೈ ಡಿಸ್ನಿಲ್ಯಾಂಡ್‌ನಲ್ಲಿ ಮೊದಲೇ ಇತ್ತು. ಅಲ್ಲಿ 2011ರ ಏಪ್ರಿಲ್‌ನಲ್ಲಿ ಗುದ್ದಲಿಪೂಜೆಯಾಗಿ 2016ರ ಜೂನ್‌ನಲ್ಲಿ ಇಡೀ ಪಾರ್ಕೇ ತೆರೆದುಕೊಂಡಿತು. ಫ್ಲೋರಿಡಾದಲ್ಲಿ ಅದೇ ವಿನ್ಯಾಸದ ಒಂದೇ ಒಂದು ರೈಡನ್ನು 2017ರಲ್ಲಿ ಘೋಷಿಸಿ 2023ರ ಏಪ್ರಿಲ್‌ನಲ್ಲಿ ತೆರೆದರು. ಕೋವಿಡ್‌ನ ತಿಂಗಳುಗಳನ್ನು ಕಳೆದರೂ ಈ ಲೆಕ್ಕಕ್ಕೆ ಸಮಾಧಾನ ಸಿಗುವುದಿಲ್ಲ. ತ್ವರೆ ಮಾಡಿಸುವವರು ಯಾರೂ ಇರಲಿಲ್ಲ ಎನ್ನುವುದೇ ಹೆಚ್ಚು ನಂಬುವಂಥ ಕಾರಣ.

ಇನ್ನು ಊಟ. ಎಪ್ಕಾಟ್‌ನ ಊಟದ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುವುದು ಅನ್ಯಾಯ. ಸರೋವರದ ಸುತ್ತ ಹನ್ನೊಂದು ದೇಶಗಳ ಪೆವಿಲಿಯನ್‌ಗಳಿವೆ. ಫ್ರಾನ್ಸಿನ ಹೋಟೆಲು ಶುರುವಾದದ್ದು ಪಾಲ್ ಬೋಕ್ಯೂಸ್, ರೋಜೆ ವೆರ್ಜೆ, ಗಾಸ್ಟನ್ ಲೆನೋತ್ರ್ ಎಂಬ ಮೂವರು ಘಟಾನುಘಟಿ ಬಾಣಸಿಗರ ಹೆಸರಿನಲ್ಲಿ. ಅಂದರೆ ಆರಂಭದ ಆಸೆ ದೊಡ್ಡದೇ ಇತ್ತು. ಆಮೇಲೆ 2005ರಲ್ಲಿ ಮುಂಗಡ ಊಟದ ಪ್ಯಾಕೇಜು ಬಂತು. ರಜೆ ಬುಕ್ ಮಾಡುವಾಗಲೇ ಊಟಕ್ಕೂ ದುಡ್ಡು ಕಟ್ಟಿಬಿಡುವ ಏರ್ಪಾಟು. ಮೊದಮೊದಲು ಸ್ಟಾರ್ಟರ್, ಟಿಪ್ಸು ಎಲ್ಲ ಸೇರಿತ್ತು, 2008ರಲ್ಲಿ ಅವೆರಡೂ ಹೊರಬಿದ್ದವು. ಹಳಬರ ಆಕ್ಷೇಪ ಇಷ್ಟೇ: ದುಡ್ಡು ಮೊದಲೇ ಕೈಸೇರಿದ ಮೇಲೆ, ಕುರ್ಚಿಗಳು ಹೇಗೂ ತುಂಬುತ್ತವೆಂದು ಗೊತ್ತಾದ ಮೇಲೆ, ಅಡುಗೆಮನೆಗೆ ಯಾವ ಭಯ? ಎಲ್ಲ ಹೋಟೆಲುಗಳ ಮೆನುವೂ ಒಂದೇ ಥರ ಸ್ಟೇಕು, ಚಿಕನ್ನು, ಪಾಸ್ತಾ ಕಡೆಗೆ ವಾಲಿತು ಎಂಬ ಅವರ ಗೊಣಗಾಟವನ್ನು ನಾನು ಒಪ್ಪುತ್ತೇನೆ.

2021ರಲ್ಲಿ ಎಪ್ಕಾಟ್‌ನಲ್ಲಿ ತೆರೆದ ಸ್ಪೇಸ್ 220 ಎಂಬ ಹೋಟೆಲು ಈ ಧೋರಣೆಯ ಹೊಸ ಅವತಾರ. ಲಿಫ್ಟಿನಂತೆ ಕಾಣುವ ಕೋಣೆಯಲ್ಲಿ ನಿಂತು 220 ಮೈಲಿ ಮೇಲೆ ಹೋದ ಭ್ರಮೆ, ಕಿಟಕಿಯಾಚೆ ತಿರುಗುವ ಭೂಮಿ. ಮಕ್ಕಳ ಕಣ್ಣು ಅರಳುತ್ತದೆ, ದೊಡ್ಡವರದ್ದೂ. ಊಟಕ್ಕೆ ನಿಗದಿತ ಬೆಲೆ, ದುಬಾರಿ. ತಟ್ಟೆಗೆ ಬಂದದ್ದು ಭೂಮಿಯ ಮೇಲೆ ಸಿಕ್ಕಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ. ಕಿಟಕಿಗೆ ಬಾಡಿಗೆ ಕೊಟ್ಟೆವು, ಊಟ ಜೊತೆಗೆ ಬಂತು ಅಂದುಕೊಂಡರೆ ಬೇಜಾರಾಗುವುದಿಲ್ಲ.

ಕುತೂಹಲದ ಸಂಗತಿ ಎಂದರೆ ಗೋಡೆಗಳ ಕಾಲದಲ್ಲಿ ಎಪ್ಕಾಟನ್ನು ಹೊತ್ತು ನಿಲ್ಲಿಸಿದ್ದೂ ಊಟವೇ. 1996ರಲ್ಲಿ ಶುರುವಾದ ಆಹಾರ ಮತ್ತು ವೈನ್ ಉತ್ಸವ ಮೊದಲು ಶರತ್ಕಾಲದ ಕೆಲವು ವಾರಗಳದ್ದಾಗಿತ್ತು. ಈಗ ಅದು ತಿಂಗಳುಗಟ್ಟಲೆ ನಡೆಯುತ್ತದೆ. ಹೂವಿನ ಉತ್ಸವ, ಕಲೆಗಳ ಉತ್ಸವ, ಹಬ್ಬಗಳ ಉತ್ಸವವೂ ಸೇರಿ ವರ್ಷದ ಬಹುಪಾಲು ಮಳಿಗೆಗಳು ತೆರೆದೇ ಇರುತ್ತವೆ. ರೈಡಿಲ್ಲದ ಜಾಗವನ್ನು ಪುಟ್ಟ ತಟ್ಟೆಗಳಿಂದ ಮುಚ್ಚಿದರು ಅನ್ನಬಹುದು. ಆದರೂ ಒಪ್ಪಿಕೊಳ್ಳಲೇಬೇಕು, ಈ ಮಳಿಗೆಗಳ ನಾಲ್ಕು ತುತ್ತು ಎಷ್ಟೋ ಸಲ ಒಳಗಿನ ಮೇಜಿನೂಟಕ್ಕಿಂತ ಮೇಲು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಇಲ್ಲಿ ರುಚಿಸದಿದ್ದರೆ ಇಪ್ಪತ್ತು ಹೆಜ್ಜೆ ಆಚೆಗೆ ಇನ್ನೊಂದು ಮಳಿಗೆ. ಮೇಜಿನೂಟಕ್ಕೋ ಅರವತ್ತು ದಿನ ಮುಂಚೆ ಬುಕಿಂಗ್ ತೆರೆಯುತ್ತದೆ; ಹಿಡಿದ ಜಾಗ ಬಿಟ್ಟು ಎದ್ದು ಹೋಗುವವರು ಯಾರು?

ಸಂದರ್ಶಕರ ಅಭಿಪ್ರಾಯಗಳನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಗಟ್ಟಿಯಾಗಿ ದೂರುವವರು ವಾರ್ಷಿಕ ಪಾಸಿನ ಸ್ಥಳೀಯರು. ಅವರಿಗೆ ಗೋಡೆ ಕಿರಿಕಿರಿ ಅಷ್ಟೆ, ಮುಂದಿನ ವರ್ಷ ಮತ್ತೆ ಬರುತ್ತಾರೆ. ನಿಜಕ್ಕೂ ಕಳೆದುಕೊಂಡವರು ಒಮ್ಮೆ ಮಾತ್ರ ಬಂದವರು. ಬೇಸಿಗೆಯಲ್ಲಿ ಮಗನ ಮನೆಗೋ ಮಗಳ ಮನೆಗೋ ಬಂದ ನಮ್ಮ ಕಡೆಯ ಅಪ್ಪ ಅಮ್ಮಂದಿರನ್ನೇ ನೋಡಿ. ಮಕ್ಕಳು ಎಷ್ಟು ಖರ್ಚು ಮಾಡಿದ್ದಾರೆಂದು ಬಲ್ಲವರು, ಹೇಗಿತ್ತು ಎಂದರೆ “ತುಂಬಾ ಚೆನ್ನಾಗಿತ್ತಪ್ಪಾ” ಅನ್ನದೆ ಇನ್ನೇನು ಅಂದಾರು? ಇಂಥವರ ತೃಪ್ತಿಯನ್ನು ಪಾರ್ಕಿನ ಯೋಗ್ಯತೆಗೆ ಸಾಕ್ಷಿ ಮಾಡಬಾರದು.

ಊಟದ ಮಟ್ಟಿಗೆ ಇವರಿಗೊಂದು ದಾರಿಯಾದರೂ ಇದೆ. ಡಿಸ್ನಿ ಪಾರ್ಕಿನೊಳಗೆ ಮನೆಯ ತಿಂಡಿ ಒಯ್ಯಬಹುದು, ಪುಳಿಯೋಗರೆ ಡಬ್ಬಿಗೆ ಗೇಟಿನಲ್ಲಿ ತಡೆಯಿಲ್ಲ. ಡಿಸ್ನಿಯದೇ ಅನಿಮಲ್ ಕಿಂಗ್‌ಡಮ್ ಲಾಡ್ಜಿನ ಸನಾ ಎಂಬ ಹೋಟೆಲಿನಲ್ಲಿ ನಾನ್ ಮತ್ತಿತರ ರೊಟ್ಟಿಗಳ ಜೊತೆ ಒಂಬತ್ತು ಬಗೆಯ ಚಟ್ನಿ, ನಂಜಿಕೆ ಕೊಡುತ್ತಾರೆ, ಕಿಟಕಿಯಾಚೆ ಜಿರಾಫೆ. ಅದು ಪಾರ್ಕಿನ ಹೊರಗಿನ ಜಾಗ, ಟಿಕೆಟ್ಟಿನ ಹಂಗಿಲ್ಲ. ಜನ ಅಷ್ಟು ದೂರ ಬರಬೇಕಾದರೆ ತಟ್ಟೆ ಚೆನ್ನಾಗಿರಲೇಬೇಕು. ಇದೆ ಕೂಡ.

ಗೋಡೆಯ ವಿಷಯದಲ್ಲಿ ಅಂಥ ದಾರಿ ಬಹಳ ಕಾಲ ಇರಲಿಲ್ಲ. ಕೊನೆಗೆ 2025ರ ಮೇ ತಿಂಗಳಲ್ಲಿ ಹತ್ತಿರದಲ್ಲೇ ಎದುರಾಳಿ ಕಂಪನಿ ಯೂನಿವರ್ಸಲ್‌ನವರು ಎಪಿಕ್ ಯೂನಿವರ್ಸ್ ತೆರೆದರು. 2019ರಲ್ಲಿ ಘೋಷಣೆಯಾಗಿ, ಕೋವಿಡ್‌ನಲ್ಲಿ ನಿಂತು, 2021ರಲ್ಲಿ ಮತ್ತೆ ಶುರುವಾದ ಇಡೀ ಪಾರ್ಕು ಅದು. ಆ ಜುಲೈನಲ್ಲೇ ಮ್ಯಾಜಿಕ್ ಕಿಂಗ್‌ಡಮ್‌ನ ಹಳೆಯ ನದಿಯನ್ನೂ ದೋಣಿಯನ್ನೂ ಮುಚ್ಚಿ ಡಿಸ್ನಿ ಹೊಸ ಗೋಡೆ ಎಬ್ಬಿಸಿದೆ. ಎಪ್ಕಾಟ್‌ನ ಗೋಡೆಗಳಿದ್ದಷ್ಟು ವರ್ಷವೂ ಟಿಕೆಟ್ ದರ ಇಳಿದಿರಲಿಲ್ಲ, ಏರಿತ್ತು. ಎದುರಾಳಿ ಪಕ್ಕಕ್ಕೇ ಬಂದಿರುವ ಈ ಸಲ ಕಾಮಗಾರಿ ಎಷ್ಟು ಬೇಗ ಮುಗಿಯುತ್ತದೆ, ಚಿತ್ರಪಟದಲ್ಲಿದ್ದುದರಲ್ಲಿ ಎಷ್ಟು ಉಳಿಯುತ್ತದೆ ಎಂದು ಪಾಸಿನವರು ಈಗಾಗಲೇ ಲೆಕ್ಕ ಇಡುತ್ತಿದ್ದಾರೆ.