ಒಂದು ಬಿಲ್ಲಿನ ಸಾಲುಸಾಲು

ನಮ್ಮ ದಿನಸಿ ಅಂಗಡಿಗೆ ಬಿಲ್ಲಿಂಗ್ ಮಷೀನು ಬಂದ ದಿನ ಅಪ್ಪ ಕೇಳಿದ್ದು ಒಂದೇ ಮಾತು: "ಇದು ಕಿರ್ದಿ ಬರೀತದೇನು?" ಬರೆಯುತ್ತದೆ, ಆದರೆ ನಾವು ಹೇಳಿಕೊಟ್ಟಷ್ಟನ್ನೇ ಬರೆಯುತ್ತದೆ. ಗಿರಾಕಿಯ ಕೈಗೆ ಹೋಗುವ ಎರಡಿಂಚಿನ ಚೀಟಿ ಅಂಗಡಿಯ ಲೆಕ್ಕದ ಪುಸ್ತಕದ್ದೇ ಒಂದು ಪುಟ. ಆ ಚೀಟಿಯ ಸಾಕ್ಷಿ ಗಿರಾಕಿಗಿಂತ ಹೆಚ್ಚಾಗಿ ಅಂಗಡಿಯವನಿಗೇ ಬೇಕು ಎಂಬುದು ಇಷ್ಟು ವರ್ಷ ಗಲ್ಲಾದ ಮೇಲೆ ಕೂತು ನನಗೆ ಮನದಟ್ಟಾದ ಸಂಗತಿ. ಒಂದು ಸಂಜೆಯ ಬಿಲ್ಲನ್ನು ಮುಂದಿಟ್ಟುಕೊಂಡು ಸಾಲುಸಾಲಾಗಿ ಓದುತ್ತೇನೆ.

ಜಿಎಸ್‌ಟಿಐಎನ್: 29…

ಅಂಗಡಿಯ ಜಿಎಸ್‌ಟಿ ನೋಂದಣಿಯ 15 ಅಕ್ಷರ-ಅಂಕಿಗಳ ನಂಬರು. ಮೊದಲ 29 ಕರ್ನಾಟಕದ ಸಂಖ್ಯೆ, ಮುಂದಿನ ಹತ್ತು ಮಾಲೀಕರ ಪ್ಯಾನ್. ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆಯನ್ನು ತಾನೇ ಕಟ್ಟುವ ಕಾಂಪೊಸಿಷನ್ ಪದ್ಧತಿಯ ಅಂಗಡಿ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಅದರ ಬಿಲ್ಲಿನಲ್ಲಿ ತೆರಿಗೆಯ ಸಾಲೇ ಇರಬಾರದು. ಮಷೀನು ಜೋಡಿಸಲು ಬಂದವರು ಅಂಗಡಿ ಯಾವ ಪದ್ಧತಿಯದು ಎಂದು ಕೇಳದೆಯೇ ಸೆಟ್ಟಿಂಗ್ ಮುಗಿಸಿ ಹೋಗುವುದುಂಟು. ಮೊದಲ ದಿನವೇ ನೋಡಿಕೊಳ್ಳಿ.

ಬಿಲ್ ನಂ. 4127  ಸಮಯ 19:42  ಕ್ಯಾಷಿಯರ್: ಅಡ್ಮಿನ್

ಬಿಲ್ ನಂಬರು ಆರ್ಥಿಕ ವರ್ಷವಿಡೀ ಕಡಿಯದೆ ಸಾಗಬೇಕು. ತಪ್ಪಾದ ಬಿಲ್ಲನ್ನು ರದ್ದು ಮಾಡಬಹುದು, ಅಳಿಸಬಾರದು.

ನನಗೆ ಸಂಕಟವಾಗುವುದು 'ಅಡ್ಮಿನ್' ಎಂಬ ಪದ ಕಂಡಾಗ. ಮಾಲೀಕ, ತಮ್ಮ, ಕೆಲಸದ ಹುಡುಗ, ಮೂವರೂ ಒಂದೇ ಪಾಸ್‌ವರ್ಡಿನಲ್ಲಿ ಕೂರುತ್ತಾರೆ. ರಾತ್ರಿ ಗಲ್ಲಾದಲ್ಲಿ ಇನ್ನೂರು ರೂಪಾಯಿ ಕಡಿಮೆ ಬಂದರೆ ಎಲ್ಲರ ಕಣ್ಣೂ ಆ ಹುಡುಗನ ಮೇಲೆ. ಅವನಿಗೆ ಅವನದೇ ಹೆಸರಿನ ಲಾಗಿನ್ ಇದ್ದರೆ, ಅವನು ಕೂತ ಹೊತ್ತಿನ ಲೆಕ್ಕ ಅವನ ಪರವಾಗಿ ಮಾತಾಡುತ್ತದೆ. ಹುಡುಗನ ಮಾನ ಉಳಿಸುವ ಈ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ.

ಸೋನಾ ಮಸೂರಿ ಲೂಸ್  5.000 × 56.00  280.00

ಮೂಟೆಯಿಂದ ಅಳೆದು ಕೊಟ್ಟ ಅಕ್ಕಿಗೆ ಜಿಎಸ್‌ಟಿ ಇಲ್ಲ. ಅದೇ ಅಕ್ಕಿ ಲೇಬಲ್ ಹಚ್ಚಿದ, 25 ಕೆ.ಜಿ.ವರೆಗಿನ ಪ್ಯಾಕೆಟ್ಟಿನಲ್ಲಿದ್ದರೆ 2022ರ ಜುಲೈ 18ರಿಂದ ಶೇ. 5. ಹಾಗಾಗಿ ಒಂದೇ ಅಕ್ಕಿಯನ್ನು ಮಷೀನಿನಲ್ಲಿ ಎರಡು ಐಟಂ ಮಾಡಿ ಬರೆಯಬೇಕು.

ತೊಗರಿಬೇಳೆ ಲೂಸ್  0.985 × 130.00  128.05

ಕೇಳಿದ್ದು ಒಂದು ಕೆ.ಜಿ. ಡಬ್ಬದ ತಳದಲ್ಲಿ ಉಳಿದಿದ್ದು ಇಷ್ಟೇ. ಕೈಬರಹದ ಚೀಟಿಯಾಗಿದ್ದರೆ '1 ಕೆ.ಜಿ.' ಎಂದೇ ಬಿದ್ದು, ಗಿರಾಕಿಗೆ 15 ಗ್ರಾಂ ಖೋತಾ ಆಗುತ್ತಿತ್ತು. ತಕ್ಕಡಿಯನ್ನು ಮಷೀನಿಗೆ ಜೋಡಿಸಿದ್ದರಿಂದ ತೂಗಿದ್ದೇ ಬಿಲ್ಲಿಗೆ ಬಂತು.

ಸ್ನಾನದ ಸೋಪು  2 × 42.00  84.00  (ಎಂಆರ್‌ಪಿ 45.00)

ಬಾರ್‌ಕೋಡು 890ರಿಂದ ಶುರುವಾಗುತ್ತದೆ. ಸರಕು ಭಾರತದಲ್ಲೇ ತಯಾರಾಯಿತು ಎಂದು ಇದರರ್ಥವಲ್ಲ, ಕೋಡು ಇಲ್ಲಿ ನೋಂದಣಿಯಾಗಿದೆ ಎಂದಷ್ಟೆ. ಬೆಲೆ ಬಾರ್‌ಕೋಡಿನಲ್ಲಿಲ್ಲ, ನಮ್ಮ ಮಷೀನಿನ ಪಟ್ಟಿಯಲ್ಲಿದೆ. 2025ರ ಸೆಪ್ಟೆಂಬರ್ 22ರಂದು ಸೋಪಿನ ತೆರಿಗೆ ಶೇ. 18ರಿಂದ 5ಕ್ಕೆ ಇಳಿದಾಗ ಇದು ಎಲ್ಲರಿಗೂ ಅರ್ಥವಾಯಿತು. ಹಳೆಯ ದಾಸ್ತಾನು, ಹೊಸ ದಾಸ್ತಾನು ಎರಡೂ ಒಂದೇ ಕಪಾಟಿನಲ್ಲಿ, ಬಾರ್‌ಕೋಡು ಒಂದೇ, ಎಂಆರ್‌ಪಿ ಬೇರೆ ಬೇರೆ. ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಎರಡು ಬೆಲೆ ಬಂದು 'ಯಾವುದು?' ಎಂದು ಕೇಳುತ್ತದೆ. ಆಗ ಸೋಪನ್ನು ತಿರುವಿ, ಅಂಚಿನ ಸಣ್ಣ ಅಕ್ಷರ ಓದಿ ಒತ್ತಬೇಕು. ಮೇಲಿನದನ್ನೇ ಒತ್ತಿ ಮುಂದೆ ಹೋದರೆ ಗಿರಾಕಿಗೋ ನಮಗೋ ನಷ್ಟ ಖಂಡಿತ.

ಇತರೆ  1 × 25.00  25.00

ಇಡೀ ಬಿಲ್ಲಿನಲ್ಲಿ ನಾನು ಬೆರಳಿಟ್ಟು ತೋರಿಸಬೇಕಾದ ಸಾಲು ಇದು. ಸಂಜೆ ಏಳೂವರೆ, ಅಂಗಡಿ ಮುಂದೆ ಆರು ಜನ. ಬೆಳಿಗ್ಗೆ ತಾನೇ ಬಂದ ಊದುಬತ್ತಿ ಇನ್ನೂ ಪಟ್ಟಿಗೆ ಸೇರಿಲ್ಲ. ಹುಡುಗ 'ಇತರೆ' ಒತ್ತಿ, 25 ಹೊಡೆದು ಕಳಿಸುತ್ತಾನೆ. ಗಲ್ಲಾದ ಹಣ ಸರಿಯಿದೆ, ಗಿರಾಕಿಗೂ ತಕರಾರಿಲ್ಲ. ಆದರೆ ಊದುಬತ್ತಿಗೆ ಶೇ. 5 ತೆರಿಗೆ ಇದೆ, 'ಇತರೆ'ಗೆ ನಾವು ಸೊನ್ನೆ ಇಟ್ಟಿದ್ದೆವು. ಆ 25 ರೂಪಾಯಿಯೊಳಗಿನ 1.19 ಲೆಕ್ಕದಿಂದ ತಪ್ಪಿಹೋಯಿತು. ಊದುಬತ್ತಿ ಎಷ್ಟು ಖರ್ಚಾಯಿತು, ಯಾವಾಗ ತರಿಸಬೇಕು ಎಂಬುದೂ ತಿಳಿಯದೆ ಹೋಯಿತು.

ಮೊದಲ ವರ್ಷ ಮಾರ್ಚ್ ಕೊನೆಗೆ ದಾಸ್ತಾನು ಎಣಿಸಿದಾಗ ಮಷೀನಿನ ಲೆಕ್ಕಕ್ಕೂ ಕಪಾಟಿಗೂ ತಾಳೆಯೇ ಆಗಲಿಲ್ಲ. ಆ ತಿಂಗಳ 'ಇತರೆ' ವರದಿ ತೆಗೆದರೆ ಕಾಗದ ಮೇಜಿನಿಂದ ನೆಲಕ್ಕೆ ಇಳಿಯಿತು. ಮೂರು ಭಾನುವಾರ ಕೂತು ಒಂದೊಂದೇ ಸರಕಿನ ಹೆಸರು, ದರ, ಎಚ್‌ಎಸ್‌ಎನ್ (ಸರಕಿನ ವರ್ಗದ ಸಂಖ್ಯೆ), ತೆರಿಗೆ ತುಂಬಿದೆವು. ಅಂದಿನಿಂದ ಗಲ್ಲಾದ ಪಕ್ಕ ಒಂದು ಮೊಳೆ ಇದೆ. 'ಇತರೆ' ಒತ್ತಿದವರು ಆ ಸರಕಿನ ಹೆಸರನ್ನು ಚೀಟಿಯಲ್ಲಿ ಬರೆದು ಅದಕ್ಕೆ ಸಿಕ್ಕಿಸಬೇಕು. ಅಂಗಡಿ ಮುಚ್ಚುವುದರೊಳಗೆ ಮೊಳೆ ಖಾಲಿಯಾಗಬೇಕು.

ಸಿಜಿಎಸ್‌ಟಿ 2.5%  2.00  ಎಸ್‌ಜಿಎಸ್‌ಟಿ 2.5%  2.00

ಸೋಪಿನ 84 ರೂಪಾಯಿಯಲ್ಲಿ ಬೆಲೆ 80, ತೆರಿಗೆ 4. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಅದರ ಮೇಲೆ ಮತ್ತೆ ತೆರಿಗೆ ಕೂಡಿಸುವ ಬಿಲ್ಲು ಕಾನೂನಿಗೆ ವಿರುದ್ಧ. ಗಿರಾಕಿ ಅಂಥದ್ದನ್ನು ಕಂಡರೆ ಅಲ್ಲೇ ಕೇಳಬೇಕು.

ರೌಂಡ್ ಆಫ್ −0.05  ಒಟ್ಟು 517.00

ಐದು ಪೈಸೆ ಬಿಟ್ಟಿದ್ದು. ಹೆಚ್ಚು ಹೇಳುವುದೇನಿಲ್ಲ.

ಯುಪಿಐ 300.00  ಉದ್ರಿ 217.00

ಊರಿನ ಅಂಗಡಿ ಉದ್ರಿ ಇಲ್ಲದೆ ನಡೆಯದು. ಉದ್ರಿಯನ್ನು ಗಿರಾಕಿಯ ಹೆಸರಿನ ಖಾತೆಗೆ ಹಾಕದೆ 'ನಗದು' ಎಂದು ಒತ್ತಿದರೆ ರಾತ್ರಿ ಗಲ್ಲಾ 217 ಕಡಿಮೆ ತೋರಿಸುತ್ತದೆ. ಹಣ ಯಾವಾಗಲೇ ಬರಲಿ, ಈ ಬಿಲ್ಲಿನ ತೆರಿಗೆ ಈ ತಿಂಗಳ ಲೆಕ್ಕಕ್ಕೇ ಸೇರುತ್ತದೆ ಎಂಬುದೂ ನೆನಪಿರಲಿ.

ಯುಪಿಐ ವಿಷಯ ಬಂದಾಗ 2025ರ ಜುಲೈ ಮರೆಯುವಂತಿಲ್ಲ. ಕ್ಯೂಆರ್ ಕೋಡಿಗೆ ಬಿದ್ದ ಹಣ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಕಿತ್ತು 'ನಗದು ಮಾತ್ರ' ಎಂದು ಬೋರ್ಡು ತೂಗುಹಾಕಿದವು. ಆ ಭಯ ನನಗೆ ಅರ್ಥವಾಗುತ್ತದೆ. ಆದರೂ ಕ್ಯೂಆರ್ ಕಿತ್ತದ್ದು ಪರಿಹಾರವಲ್ಲ. ಬ್ಯಾಂಕಿನ ಲೆಕ್ಕದಲ್ಲಿ ಹಣ ಬಂದದ್ದು ಕಾಣುತ್ತದೆ, ಮಾರಿದ್ದು ತೆರಿಗೆಯಿಲ್ಲದ ಹಾಲೋ ತರಕಾರಿಯೋ, ತೆರಿಗೆಯಿರುವ ಸೋಪೋ ಎಂಬುದು ಕಾಣುವುದಿಲ್ಲ. ಕೊಟ್ಟ ಕೈಗಡ ಹಿಂತಿರುಗಿದ್ದೂ ವ್ಯಾಪಾರದಂತೆಯೇ ಕಾಣುತ್ತದೆ. ಅದನ್ನು ಬಿಡಿಸಿ ಹೇಳಬಲ್ಲದ್ದು ಬಿಲ್ಲಿನ ಸಾಲುಗಳು ಮಾತ್ರ. ಈ ಬಿಲ್ಲಿನಲ್ಲೇ ನೋಡಿ: ಅಕ್ಕಿ, ಬೇಳೆ ಸೇರಿ 408.05ಕ್ಕೆ ತೆರಿಗೆಯೇ ಇಲ್ಲ.

ಧನ್ಯವಾದಗಳು, ಮತ್ತೆ ಬನ್ನಿ

ಈ ಕಾಗದದ ಮೇಲೆ ಶಾಯಿ ಇಲ್ಲ, ಬಿಸಿಗೆ ಕಪ್ಪಾಗುವ ಲೇಪವಿದೆ ಅಷ್ಟೆ. ಬಿಸಿಲಿಗೆ ಬಿದ್ದರೆ, ಎಣ್ಣೆಯ ಕೈ ತಾಗಿದರೆ ಅಕ್ಷರ ಮಾಸುತ್ತದೆ. ಲೆಕ್ಕದ ದಾಖಲೆಗಳನ್ನಾದರೋ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕೆಂದು ಕಾನೂನು ಹೇಳುತ್ತದೆ. ಅಂಗಡಿ ನಡೆಸುವವರಲ್ಲಿ ನನ್ನದೊಂದು ವಿನಂತಿ. ವಾರಕ್ಕೊಮ್ಮೆ ಮಷೀನಿನ ಲೆಕ್ಕವನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಅದನ್ನು ಗಲ್ಲಾದಲ್ಲಿ ಬಿಡಬೇಡಿ, ಮನೆಗೆ ಒಯ್ಯಿರಿ.