ಬಿಡಿ ಹಾಡು, ಇಡಿಯ ಸುರುಳಿ

ಹಾಡೊಂದನ್ನು ಅದರ ನೆರೆಹೊರೆಯಿಂದ ಬಿಡಿಸಿ ಕೇಳುವುದು ಲೇಸೋ, ಧ್ವನಿಸುರುಳಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ಕೇಳುವುದು ಲೇಸೋ ಎಂಬುದು ಸಂಗೀತಗಾರರು ಚರ್ಚಿಸಿಕೊಳ್ಳಬೇಕಾದ ಮಾತೆಂದು ನಮ್ಮ ಸಾಹಿತ್ಯಮಿತ್ರರು ತಳ್ಳಿಬಿಡುವುದುಂಟು. ನಮಗೆ ಹಾಗೆನಿಸುವುದಿಲ್ಲ. ಕನ್ನಡದ ಭಾವಗೀತೆಯು ಅಚ್ಚಿನ ಪುಟದ ಮೂಲಕ ಹೊಕ್ಕ ಮನೆಗಳಿಗಿಂತ ಕ್ಯಾಸೆಟ್ಟಿನ ಮೂಲಕ ಹೊಕ್ಕ ಮನೆಗಳೇ ಹೆಚ್ಚು. ಆದುದರಿಂದ ಕೇಳುವ ಕ್ರಮದ ಪ್ರಶ್ನೆಯು ಕಾವ್ಯವನ್ನು ಓದುವ ಕ್ರಮದ ಪ್ರಶ್ನೆಯೂ ಹೌದು. ಕಾಸರಗೋಡಿನಂತಹ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ನಮ್ಮಂಥವರಿಗಂತೂ ಅದು ನಿತ್ಯದ ಪ್ರಶ್ನೆಯಾಗಿದೆ.

ಬಿಡಿಯಾಗಿ ಕೇಳುವುದು ಮೊಬೈಲಿನ ಕಾಲದಲ್ಲಿ ಹುಟ್ಟಿದ ಕೆಟ್ಟ ಚಾಳಿಯೆಂದು ಗೊಣಗುವವರು ಇತಿಹಾಸವನ್ನು ಸ್ವಲ್ಪ ನೋಡಬೇಕು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಗ್ರಾಮಫೋನು ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಅಂತಹ ತಟ್ಟೆಗಳನ್ನು ಹಲವು ಲಕೋಟೆಗಳುಳ್ಳ ಪುಸ್ತಕದಂತೆ ಕಟ್ಟಿ ಮಾರುತ್ತಿದ್ದರಾಗಿ, ಚಿತ್ರಗಳನ್ನು ಅಂಟಿಸಿಡುವ ಪುಸ್ತಕದ ಹೆಸರಾದ 'ಆಲ್ಬಮ್' ಎಂಬುದು ಹಾಡುಗಳ ಕಟ್ಟಿಗೂ ಅಂಟಿತು. 1948ರಲ್ಲಿ ಅಮೆರಿಕದ ಕೊಲಂಬಿಯ ಸಂಸ್ಥೆ ದೀರ್ಘಕಾಲ ನುಡಿಯುವ ತಟ್ಟೆಯನ್ನು ಹೊರತಂದ ಮೇಲೆ ಒಂದು ಮುಖಕ್ಕೆ ಇಪ್ಪತ್ತು ನಿಮಿಷಗಳಿಗೂ ಮಿಕ್ಕಿ ಎಡೆಯಾಯಿತು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯ ಕ್ಯಾಸೆಟ್ಟು ಬಂದಿತು. ನಮ್ಮ ಪಿ. ಕಾಳಿಂಗರಾಯರ ಕಂಠ ಜನರ ಕಿವಿಗೆ ಮೊದಲು ಬಿದ್ದುದು ಬಿಡಿ ತಟ್ಟೆಯ ಕಾಲದಲ್ಲಿಯೇ. ಆಗ ಯಾರೂ ಇಡಿಯನ್ನು ಬಯಸಲಿಲ್ಲ, ಏಕೆಂದರೆ ಇಡಿ ಎಂಬುದೇ ಇರಲಿಲ್ಲ.

ಸುಗಮ ಸಂಗೀತದಲ್ಲಿ ಅದು ಬಂದುದು ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹೊಂದಿಸಿದ 'ನಿತ್ಯೋತ್ಸವ'ದಿಂದ, 1978ರಲ್ಲಿ. ಅನಂತರ ಸಿ. ಅಶ್ವತ್ಥರ ಕೈಯಲ್ಲಿ ಈ ಪ್ರಕಾರ ಬಹಳ ಬೆಳೆಯಿತು. ಕ್ಯಾಸೆಟ್ಟಿನ ಒಂದು ದೊಡ್ಡ ಗುಣವನ್ನು ಇಂದಿನ ಮಕ್ಕಳು ಅರಿಯರು: ಅದು ನಮಗೆ ಆಯ್ಕೆಯನ್ನು ಸುಲಭವಾಗಿ ಕೊಡುತ್ತಿರಲಿಲ್ಲ. ಮೆಚ್ಚಿದ ಹಾಡಿಗೆ ಹೋಗಬೇಕಾದರೆ ಸುರುಳಿಯನ್ನು ಅಂದಾಜಿನಿಂದ ಮುಂದಕ್ಕೋ ಹಿಂದಕ್ಕೋ ಓಡಿಸಬೇಕು; ಬ್ಯಾಟರಿ ಉಳಿಸುವವರು ಪೆನ್ಸಿಲು ತೂರಿಸಿ ಕೈಯಲ್ಲಿ ಸುತ್ತುತ್ತಿದ್ದರು. ಅಷ್ಟು ತಾಪತ್ರಯವೇಕೆಂದು ಮೆಚ್ಚದ ಹಾಡನ್ನೂ ಕೇಳುತ್ತಿದ್ದೆವು. ಹತ್ತನೆಯ ಸಲ ಕೇಳುವಾಗ ಆ ಮೆಚ್ಚದ ಹಾಡೇ ಮೆಲ್ಲನೆ ಒಳಗಿಳಿದಿರುತ್ತಿತ್ತು.

ಇಡಿಯಲ್ಲಿ ದೊರೆತು ಬಿಡಿಯಲ್ಲಿ ತಪ್ಪಿಹೋಗುವುದು ಏನೆಂಬುದನ್ನು 'ಮೈಸೂರ ಮಲ್ಲಿಗೆ'ಯಿಂದಲೇ ತೋರಿಸಬಹುದು. ಕೆ. ಎಸ್. ನರಸಿಂಹಸ್ವಾಮಿಯವರ ಈ ಸಂಕಲನ ಅಚ್ಚಾದುದು 1942ರಲ್ಲಿ. ಅದರ ಒಂದು ಹಾಡಿನಲ್ಲಿ ಗಂಡನು ಕನಸಿನಲ್ಲಿ ಮಡದಿಯನ್ನು ಕೇಳುತ್ತಾನೆ: ತನ್ನ ಊರಾದ ಹೊನ್ನೂರು ಚೆಂದವೋ, ಅವಳ ತೌರಾದ ನವಿಲೂರು ಚೆಂದವೋ ಎಂದು. ಅವಳು ಪ್ರಶ್ನೆಯನ್ನೇ ಪಕ್ಕಕ್ಕೆ ಸರಿಸುತ್ತಾಳೆ. ಬಿಡಿಯಾಗಿ ಕೇಳಿದರೆ ಇದೊಂದು ಸರಸದ ಹಾಡು. ಮದುವೆಮನೆಗಳಲ್ಲಿ ಹಾಡುವುದು ಅದಕ್ಕಾಗಿಯೇ. ಇನ್ನೊಂದರಲ್ಲಿ ಬಳೆಗಾರ ಚೆನ್ನಯ್ಯನು ಗಂಡನ ಮನೆಯ ಬಾಗಿಲಲ್ಲಿ ನಿಂತಿದ್ದಾನೆ. ಅವನು ಹೊತ್ತು ತಂದಿರುವುದು ನವಿಲೂರಿನ ಮನೆಯ ಸುದ್ದಿಯನ್ನು. ಮಡದಿ ಅಲ್ಲಿ, ಗಂಡ ಇಲ್ಲಿ. ನಡುವೆ ಮಾತು ಸಾಗಿಸಲು ಒಬ್ಬ ಬಳೆಗಾರ. ಮತ್ತೊಂದರಲ್ಲಿ ರಾತ್ರಿಯ ಹೊತ್ತಿನಲ್ಲಿ ಅಳಿಯನು ಮಾವನ ಮನೆಗೆ ಬರುತ್ತಾನೆ. ಉಪಚಾರಕ್ಕೆ ಕೊರತೆಯಿಲ್ಲ, ಮಡದಿಯ ಮುಖ ಮಾತ್ರ ಕಾಣದು. ಕಾರಣವನ್ನು ಕವಿ ಸೂಚನೆಯಲ್ಲಿಯೇ ನಿಲ್ಲಿಸುತ್ತಾರೆ.

ಈ ಮೂರನ್ನು ಒಂದೇ ಕುಳಿತದಲ್ಲಿ ಕೇಳಿದವನಿಗೆ ಕನಸಿನ ಹಾಡಿನ ನವಿಲೂರು ಬರಿಯ ಚೆಲುವಾದ ಹೆಸರಾಗಿ ಉಳಿಯಲಾರದು. ಆ ಊರು ಅವಳು ಕಾದಿರುವ ಊರು, ಅವನು ದಾರಿ ನಡೆದು ತಲುಪಿಯೂ ಬರಿಗೈಯಾಗುವ ಊರು. ಗಂಡನ ಪ್ರಶ್ನೆಯಲ್ಲಿ ಸರಸದ ಜೊತೆಗೆ ಒಂದು ಅಳುಕೂ ಇದೆಯೆಂದು, ಮಡದಿ ಉತ್ತರವನ್ನು ಜಾರಿಸುವುದು ಬಿನ್ನಾಣಕ್ಕಾಗಿ ಮಾತ್ರವಲ್ಲವೆಂದು ಆಗ ತಿಳಿಯುತ್ತದೆ. ಸಂಕಲನದಲ್ಲಿ ಕಥೆಯಿಲ್ಲ, ಆದರೆ ಎರಡು ಊರುಗಳಿವೆ, ಅವುಗಳ ನಡುವೆ ಒಂದು ದಾರಿಯಿದೆ. ನಮ್ಮ ಮಟ್ಟಿಗೆ ಆ ದಾರಿಯೇ ಪುಸ್ತಕದ ನಿಜವಾದ ವಸ್ತು. 1992ರಲ್ಲಿ ಟಿ. ಎಸ್. ನಾಗಾಭರಣರು ಇದೇ ಹೆಸರಿನ ಚಿತ್ರದಲ್ಲಿ ಈ ಕವಿತೆಗಳನ್ನು ಕಥೆಯಾಗಿ ಹೆಣೆದರು. ಹೆಣೆಯಲು ಸಾಧ್ಯವಾದುದೇ ಕವಿತೆಗಳ ಒಳಗಣ ನಂಟಿಗೆ ಸಾಕ್ಷಿ.

ಬಳೆಗಾರನ ಹಾಡನ್ನು ಸ್ಪರ್ಧೆಗಾಗಿ ಚೆನ್ನಾಗಿ ಕಲಿತಿದ್ದ ನಮ್ಮ ತರಗತಿಯ ಮಕ್ಕಳನ್ನು ನವಿಲೂರು ಎಂದರೇನೆಂದು ಕೇಳಿದೆವು. ನವಿಲುಗಳಿರುವ ಕಾಡು ಎಂದು ಒಬ್ಬನು ಹೇಳಿದನು, ಉಳಿದವರು ಒಪ್ಪಿದರು. ರಾಗ, ತಾಳ, ಉಚ್ಚಾರಣೆ ಎಲ್ಲವೂ ಸರಿಯಾಗಿತ್ತು. ಮಕ್ಕಳ ತಪ್ಪೇನೂ ಇಲ್ಲ. ಅವರಿಗೆ ದೊರೆತುದು ನಾಲ್ಕು ನಿಮಿಷದ ಒಂದು ತುಣುಕು. ಅದು ಮುಗಿಯುತ್ತಲೇ ಯಂತ್ರವು ಯಾವುದೋ ಚಿತ್ರಗೀತೆಗೆ ಹಾರಿತ್ತು. ಇಂಗ್ಲೆಂಡಿನ ಅಡೆಲ್ ಎಂಬ ಗಾಯಕಿ 2021ರಲ್ಲಿ, ಹಾಡುಗಳನ್ನು ತಾನಿಟ್ಟ ಕ್ರಮದಲ್ಲಿಯೇ ಕೇಳಬೇಕೆಂದು ಕೋರಿ, ಸ್ಪಾಟಿಫೈ ಸಂಸ್ಥೆಯು ಆಲ್ಬಮ್ಮುಗಳ ಪುಟದಲ್ಲಿ ಕಲಸಿ ನುಡಿಸುವ ಗುಂಡಿಯನ್ನು ಮುಂದಿಡುತ್ತಿದ್ದುದನ್ನು ಬಿಡಿಸಿದಳು. ಆಕೆಯ ಮಾತು ನಡೆಯಿತು. ನಮ್ಮ ಕವಿಗಳ ಪರವಾಗಿ ಕೇಳುವವರು ಯಾರು?

ಆದರೂ ಬಿಡಿಯ ಪಕ್ಷವನ್ನು ಹಗುರವಾಗಿ ಕಾಣಲಾಗದು. ಕನ್ನಡದ ಬಹುಪಾಲು ಸಂಪತ್ತು ಬಿಡಿಯಾಗಿಯೇ ಬಂದುದು. ಸರ್ವಜ್ಞನ ತ್ರಿಪದಿಗೆ ಹಿಂದು ಮುಂದು ಬೇಕಿಲ್ಲ, ದಾಸರ ಕೀರ್ತನೆ ತನ್ನ ಅಂಕಿತದೊಡನೆ ತಾನೇ ಪೂರ್ಣ, ವಚನವೂ ಅಂತೆಯೇ. ಆದರೆ ವಚನಗಳಿಗೆ ಮುಂದೆ ಏನಾಯಿತೆಂಬುದು ಈ ಚರ್ಚೆಗೆ ಬಹಳ ಬೆಲೆಯುಳ್ಳದ್ದು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಚೆದುರಿದ್ದ ವಚನಗಳನ್ನು ಸಂವಾದದ ಸೂತ್ರದಲ್ಲಿ ಪೋಣಿಸಿ 'ಶೂನ್ಯಸಂಪಾದನೆ'ಯನ್ನು ಕಟ್ಟಿದನು. ಅಕ್ಕಮಹಾದೇವಿಯ ವಚನ ಅಲ್ಲಿ ಅಲ್ಲಮನ ನಿಷ್ಠುರ ಪ್ರಶ್ನೆಗೆ ಕೊಟ್ಟ ಉತ್ತರವಾಗಿ ಬರುತ್ತದೆ. ಒಂಟಿಯಾಗಿ ಓದಿದಾಗ ಆತ್ಮನಿವೇದನೆಯೆನಿಸಿದುದು ಅಲ್ಲಿ ತುಂಬಿದ ಸಭೆಯ ಮುಂದೆ ಆಡಿದ ದಿಟ್ಟ ಮಾತಾಗುತ್ತದೆ. ಶಬ್ದವೊಂದೂ ಬದಲಾಗದೆ ಅರ್ಥ ಬದಲಾಯಿತು. ಸಂಪಾದಕನು ವಚನಕ್ಕೆ ಇಲ್ಲದ ಸಂದರ್ಭವನ್ನು ಹೊರಿಸಿದನೆಂದು ಆಕ್ಷೇಪಿಸಬಹುದು; ಆಕ್ಷೇಪದಲ್ಲಿ ಹುರುಳಿದೆ. ಇಡಿ ಎಂಬುದು ಯಾವಾಗಲೂ ಒಬ್ಬರ ಕೈಕೆಲಸ.

ಕ್ಯಾಸೆಟ್ಟುಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಶಿಶುನಾಳ ಶರೀಫರ ಹಾಡುಗಳನ್ನು ಅಶ್ವತ್ಥರ ಧ್ವನಿಯಲ್ಲಿ ಸಾಲಾಗಿ ಕೇಳಿದರೆ ನಮಗೆ ಒಗ್ಗಟ್ಟು ಕಾಣುವುದು ಗಾಯಕನ ಆವೇಶದಿಂದ. ಹಾಡುಗಳಾದರೋ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ನೆಪದಲ್ಲಿ ಹುಟ್ಟಿದವು. ಅವನ್ನು ಒಂದೊಂದಾಗಿ ಕೇಳಿದರೆ ನಷ್ಟವಿಲ್ಲ. ಎರಡು ಒಳ್ಳೆಯ ಹಾಡುಗಳ ಬೆನ್ನಿಗೆ ಆರು ಜೊಳ್ಳನ್ನು ಕಟ್ಟಿ ಮಾರಿದ ಸುರುಳಿಗಳಿಗೂ ನಮ್ಮಲ್ಲಿ ಬರಗಾಲವಿರಲಿಲ್ಲ. ಅಂಥವನ್ನು ಪೂರ್ತಿ ಕೇಳಿರೆನ್ನುವುದು ಶಿಕ್ಷೆ. ಇನ್ನೊಂದು ಮಾತು. ಭಾವಗೀತೆಯ ಸುರುಳಿಯೂ ಕವಿಯ ಪುಸ್ತಕದಿಂದ ಸ್ವರಸಂಯೋಜಕನು ಆಯ್ದ ಬಿಡಿಗಳ ಕಟ್ಟೇ. ಉದ್ದದ ಕವಿತೆಯಾದರೆ ಕೆಲವು ನುಡಿಗಳು ಹಾಡಿಗೆ ಸಿಕ್ಕದೆ ಉಳಿಯುತ್ತವೆ. ಧಾಟಿಗೆ ಒಗ್ಗದ ಕವಿತೆಗಳಂತೂ ಸುರುಳಿಯ ಹೊಸ್ತಿಲನ್ನೇ ದಾಟುವುದಿಲ್ಲ. ನರಸಿಂಹಸ್ವಾಮಿಯವರನ್ನು ಹಾಡಿನಿಂದ ಮಾತ್ರ ಬಲ್ಲವರು ಅವರನ್ನು ಕೊನೆಯವರೆಗೂ ದಾಂಪತ್ಯದ ಕವಿಯೆಂದೇ ತಿಳಿದಿರುತ್ತಾರೆ. 1958ರ 'ಶಿಲಾಲತೆ'ಯಲ್ಲಿ ಅವರ ದನಿ ಎಷ್ಟು ಬೇರೆಯಾಯಿತೆಂಬುದು ಅವರ ಕಿವಿಗೆ ಬೀಳಲೇ ಇಲ್ಲ.

ನಮ್ಮ ಜಿಲ್ಲೆಯವರಿಗೆ ಯಕ್ಷಗಾನದ ಉದಾಹರಣೆ ಇನ್ನೂ ಹತ್ತಿರದ್ದು. ಕುಂಬಳೆ ಸೀಮೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಪದ್ಯಗಳು ಈಗ ತುಣುಕುಗಳಾಗಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಭಾಗವತರ ಕಂಠ ಸೊಗಸು, ಸರಿ. ಆದರೆ ತಾಳಮದ್ದಳೆಯಲ್ಲಿ ಪದ್ಯ ಮುಗಿದ ಮೇಲಲ್ಲವೆ ಅರ್ಥಧಾರಿಯ ಸರದಿ? ಅರ್ಥವಿಲ್ಲದೆ ಕೇಳಿದ ಪದ್ಯವು ಎದುರಾಳಿಯಿಲ್ಲದ ವಾದದಂತೆ.

ಇದಿಷ್ಟನ್ನೂ ಹೇಳುವ ಅಗತ್ಯವೇಕೆಂದರೆ, ಗಡಿನಾಡಿನ ಮಗುವಿಗೆ ಕನ್ನಡ ದೊರೆಯುವುದೇ ಬಿಡಿಬಿಡಿಯಾಗಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ. ಬೀದಿಯಲ್ಲಿ, ಕಚೇರಿಯಲ್ಲಿ ಮಲಯಾಳ. ಕನ್ನಡವೆಂದರೆ ಪಾಠಪುಸ್ತಕದ ಒಂದು ಪದ್ಯ, ಕಲೋತ್ಸವದ ಒಂದು ಹಾಡು. ಮೈಸೂರಿನ ಮಗು ಹಾಡಿನ ಸುತ್ತಣ ಬದುಕನ್ನು ಊರಿನಿಂದಲೇ ತುಂಬಿಕೊಂಡೀತು. ನಮ್ಮ ಮಗು ಅದನ್ನು ಹಾಡಿನ ಪಕ್ಕದ ಹಾಡಿನಿಂದ, ಪುಟದ ಪಕ್ಕದ ಪುಟದಿಂದಲೇ ತುಂಬಿಕೊಳ್ಳಬೇಕು. ಶನಿವಾರ ಶಾಲೆಯಿದ್ದಾಗ ಕೊನೆಯ ಅವಧಿಯಲ್ಲಿ 'ಮೈಸೂರ ಮಲ್ಲಿಗೆ'ಯ ನಾಲ್ಕು ಹಾಡುಗಳನ್ನು ಕ್ರಮವಾಗಿ ಕೇಳಿಸಿ, ಅವುಗಳಲ್ಲಿ ಬಂದ ಊರು, ಬಂಧುಗಳ ಹೆಸರುಗಳನ್ನು ಮಕ್ಕಳಿಂದ ಬರೆಯಿಸುತ್ತಿದ್ದೇವೆ. ನಾಲ್ಕನೆಯದಕ್ಕೆ ಗದ್ದಲ ಏಳುವುದುಂಟು, ಏಳಲಿ. ಕೇಳಿದ ಮೇಲೆ ಪುಸ್ತಕವನ್ನು ಕೈಗೆ ಕೊಡಬೇಕು, ಅದಕ್ಕೆ ಶಾಲೆಯಲ್ಲಿರುವ ಒಂದು ಹರಕು ಪ್ರತಿ ಸಾಲದು. ಸಂಘದ ವಾಚನಾಲಯದವರು ಈ ಸಂಕಲನದ ಐದಾರು ಪ್ರತಿಗಳನ್ನೂ, ಜೊತೆಗೆ 'ಶಿಲಾಲತೆ'ಯ ಒಂದೆರಡನ್ನೂ ತರಿಸಿಕೊಟ್ಟರೆ ಸುತ್ತಿನ ನಾಲ್ಕು ಶಾಲೆಗಳವರು ಸರದಿಯಂತೆ ಒಯ್ದು ಹಿಂದಿರುಗಿಸಬಹುದು.